ಭೈರನ ಹಿಂಗಾಲು

ಹಿತ್ತಲ ಕಟ್ಟೆಯ ಮೇಲೆ ಕೂತು ಹೊಸ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದೆ. ಕೈಯೆಲ್ಲ ಅಂಟು. ಆಗ ಗೇಟಿನ ಹತ್ತಿರ ಆಟೋ ನಿಂತ ಸದ್ದಾಯಿತು. ಹೆಂಗಸಿನ ದನಿಯೊಂದು ಕೇಳಿಸಿತು.

"ಡಾಕ್ಟ್ರು ಇದ್ದಾರಾ? ನಾಯಿ ಎದ್ದು ನಿಲ್ತಾ ಇಲ್ಲ. ಹಿಂಗಾಲು ಎರಡೂ ಬಿದ್ದೋಗಿವೆ."

ನಮ್ಮ ಬಾಗಿಲಿಗೆ ಯಾರೂ ನಾಯಿ ತರದೆ ಎರಡು ವರ್ಷವಾಗಿತ್ತು. ಡಾಕ್ಟರು ಅಂದರೆ ನಮ್ಮ ಯಜಮಾನರು. ಚಾಮರಾಜಪುರಂನ ಈ ಮನೆಯ ಮುಂದಿನ ಕೋಣೆಯೇ ಅವರ ಕ್ಲಿನಿಕ್ಕು. ಪಾರ್ಶ್ವವಾಯು ಬಡಿದು ಬಲಗೈ, ಬಲಗಾಲು ಸ್ವಾಧೀನ ತಪ್ಪಿದ ಮೇಲೆ ಮೇಜಿಗೆ ಬಟ್ಟೆ ಮುಚ್ಚಿದ್ದೆವು. ಗೋಡೆಯ ಬೋರ್ಡನ್ನು ಮಾತ್ರ ಇಳಿಸಿರಲಿಲ್ಲ. ಮಾತು ನಿಧಾನವಾಗಿದ್ದರೂ ಬುದ್ಧಿ ಮೊದಲಿನಷ್ಟೇ ಚುರುಕಾಗಿತ್ತು. ಅದೊಂದನ್ನು ದೇವರು ಉಳಿಸಿಕೊಟ್ಟಿದ್ದ.

"ಮುಚ್ಚಿದೀವಿ ಕಣಮ್ಮ" ಎನ್ನಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಒಳಗಿನ ಕುರ್ಚಿಯಿಂದ ಇವರ ದನಿ ಬಂತು.

"ಶಾರದಾ, ಯಾವ ಜಾತಿ ಕೇಳು. ಎಷ್ಟು ತಿಂಗಳು ಕೇಳು."

ಹುಣಸೆಹಣ್ಣಿನ ಮೊರವನ್ನು ಹಾಗೇ ಬಿಟ್ಟು ಕೈ ತೊಳೆಯಲು ಎದ್ದೆ.

ನಾನು ಮನೆವಾರ್ತೆ ನೋಡಿಕೊಂಡು ಬಂದ ಹೆಂಗಸು. ನೌಕರಿ ಅಂತ ಯಾರೂ ಕಾಗದ ಕೊಟ್ಟಿರಲಿಲ್ಲ, ನಿವೃತ್ತಿ ಅಂತ ಹಾರವನ್ನೂ ಹಾಕಲಿಲ್ಲ. ಆದರೂ ಮೂವತ್ತು ವರ್ಷಕ್ಕೂ ಮಿಕ್ಕಿ ಬೆಳಿಗ್ಗೆ ಅಡುಗೆ ಮುಗಿಸಿ ಮುಂದಿನ ಕೋಣೆಗೆ ಹೋಗಿ ನಾಯಿಗಳನ್ನು ಹಿಡಿದಿದ್ದೇನೆ. ನಮಗೆ ಮಕ್ಕಳಾಗಲಿಲ್ಲ. ಹಾಗಾಗಿ ಹೋಗಲು ಹೊತ್ತಿತ್ತು. ಮೊನ್ನೆ ನಮ್ಮ ಬೀದಿಯ ಹೆಣ್ಣುಮಗಳೊಬ್ಬಳು ಪ್ರಾಣಿಗಳ ಆಸ್ಪತ್ರೆಗೆ ಸಹಾಯಕಿಯಾಗಿ ಸೇರುವ ಮುಂಚೆ ಬಂದು, "ಆಂಟಿ, ಆ ಕೆಲಸ ನಿಜವಾಗ್ಲೂ ಹೆಂಗಿರುತ್ತೆ?" ಅಂತ ಕೇಳಿದಳು. ಬಾಯಲ್ಲಿ ಹೇಳಲು ಹೋದರೆ ಅಳು ಬರುತ್ತಿತ್ತು. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲನೆಯ ಮಾತು: ನಾಯಿ ಕಚ್ಚುತ್ತದೆ. ಅದರಲ್ಲಿ ಅದರ ತಪ್ಪಿಲ್ಲ, ನೋವು ಕಚ್ಚಿಸುತ್ತದೆ. ನನ್ನ ಎಡಗೈಯಲ್ಲಿ ಮೂರು ಗುರುತಿವೆ, ಬಲಗೈಯಲ್ಲಿ ಒಂದೂ ಇಲ್ಲ. ಬಲಗೈ ಉಳಿಯಿತಲ್ಲ, ರೊಟ್ಟಿ ತಟ್ಟಲು ತೊಂದರೆಯಾಗಲಿಲ್ಲ.

ಮಡಿ ಮೈಲಿಗೆಯನ್ನೂ ಕೇಳುತ್ತಾರೆ. ನಾನು ಪೂಜೆ ಬಿಟ್ಟವಳಲ್ಲ, ಮಾಂಸ ಮುಟ್ಟಿದವಳಲ್ಲ. ಮೊದಲ ವರ್ಷವೇ ದೇವರ ಹತ್ತಿರ ಮಾತಾಡಿಕೊಂಡುಬಿಟ್ಟೆ: ಸ್ನಾನ ದಿನಕ್ಕೆ ಎರಡೇ, ಮಿಕ್ಕದ್ದಕ್ಕೆ ಕೈಕಾಲು ತೊಳೆದು ಸೀರೆ ಬದಲಿಸುತ್ತೇನೆ, ಅಷ್ಟರಲ್ಲಿ ತೃಪ್ತಿಯಾಗು ಅಂತ. ಅವನು ಆಕ್ಷೇಪ ಮಾಡಿದ್ದು ನನಗೆ ಗೊತ್ತಿಲ್ಲ.

ಆಗೆಲ್ಲ ಎಕ್ಸ್-ರೇ ಅಂದರೆ ಮನುಷ್ಯರ ಲ್ಯಾಬಿಗೇ ಹೋಗಬೇಕಿತ್ತು. ಅಲ್ಲಿನವರು ರೋಗಿಗಳೆಲ್ಲ ಹೋದ ಮೇಲೆ ಹಿಂಬಾಗಿಲಿನಿಂದ ಬಿಡುತ್ತಿದ್ದರು. ಫಿಲ್ಮು ತಂದರೆ ಅದನ್ನು ಬೆಳಕಿಗೆ ಹಿಡಿದು ನೋಡಲು ನಮ್ಮ ಅಡುಗೆಮನೆಯ ಕಿಟಕಿ. ತೂಕ ನೋಡಲು ನಾಯಿ ಎತ್ತಿಕೊಂಡು ನಾನೇ ತಕ್ಕಡಿ ಹತ್ತುತ್ತಿದ್ದೆ, ಆಮೇಲೆ ಇವರು ನನ್ನ ತೂಕ ಕಳೆಯುತ್ತಿದ್ದರು. "ಹೋದ ತಿಂಗಳಿಗಿಂತ ಹೆಚ್ಚಾಗಿದೀಯಲ್ಲ" ಅಂತ ನಾಯಿಯವರ ಎದುರಿಗೇ ಅನ್ನುತ್ತಿದ್ದರು. ಈಗ ಎಲ್ಲಕ್ಕೂ ಮಿಷನ್ನಿದೆ, ಒಳ್ಳೆಯದೇ ಆಯಿತು.

ಇನ್ನು ನನ್ನ ತಪ್ಪಿನ ವಿಷಯ. ಮದುವೆಯಾದ ನಾಲ್ಕೈದು ವರ್ಷಕ್ಕೇ ನನಗೆ ಎಲ್ಲ ಗೊತ್ತು ಅನ್ನಿಸಿಬಿಟ್ಟಿತ್ತು. ದೊಡ್ಡ ಜಾತಿಯ ಮರಿ, ಆರು ತಿಂಗಳು, ಹಿಂಗಾಲು ನಿಶ್ಶಕ್ತಿ ಅಂದರೆ ಊಟದ್ದೇ ತೊಂದರೆ ಅಂತ ನನ್ನ ಲೆಕ್ಕ. ಬಂದ ಹತ್ತರಲ್ಲಿ ಆರಕ್ಕೆ ಅದು ಸರಿಯಾಗಿಯೂ ಇರುತ್ತಿತ್ತು. ಒಂದು ದಿನ ಇವರು ಹಳ್ಳಿಗೆ ಹಸು ನೋಡಲು ಹೋಗಿದ್ದಾಗ ಮಂಡಿ ಮೊಹಲ್ಲಾದ ಹಗ್ಗದ ಅಂಗಡಿಯ ಮುನೀರ್ ಸಾಹೇಬರು ಗ್ರೇಟ್ ಡೇನ್ ಮರಿಯೊಂದನ್ನು ಎತ್ತಿಕೊಂಡು ಬಂದರು. ಹಿಂಗಾಲು ಎಳೆಯುತ್ತಿತ್ತು. ನಾನು ಕೋಣೆಯ ಬಾಗಿಲಲ್ಲೇ ನಿಂತು, "ಸುಣ್ಣದಂಶ ಸಾಲ್ದು ಸಾಹೇಬ್ರೆ, ಹಾಲು ಕೊಡಿ, ಮೂಳೆ ಸೂಪು ಕುಡಿಸಿ, ಸರಿಹೋಗುತ್ತೆ" ಅಂದುಬಿಟ್ಟೆ. ಡಾಕ್ಟರ ಮನೆಯಾಕೆ ಹೇಳಿದ್ದಲ್ಲವಾ, ಅವರು ನಂಬಿ ಹೊರಟುಹೋದರು.

ಐದನೇ ದಿನ ಮತ್ತೆ ಬಂದರು. "ಅಮ್ಮಾ, ನೀವು ಹೇಳ್ದಂಗೆ ಐದು ದಿನ ಸೂಪು ಕುಡಿಸಿದೆ. ಈಗ ಉಚ್ಚೆನೂ ಹೊಯ್ತಿಲ್ಲ" ಅಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ನನಗೆ ಕಷ್ಟವಾಯಿತು. ಇವರು ಮರಿಯ ಹಿಂಗಾಲಿನ ಪಾದವನ್ನು ಮಡಿಸಿ, ಮೇಲ್ಭಾಗ ನೆಲಕ್ಕೆ ತಾಗುವ ಹಾಗೆ ಇಟ್ಟರು. ನರ ಚೆನ್ನಾಗಿದ್ದರೆ ನಾಯಿ ತಕ್ಷಣ ಪಾದವನ್ನು ತಿರುಗಿಸಿ ಸರಿಯಾಗಿ ಊರಿಕೊಳ್ಳುತ್ತದೆ. ಆ ಮರಿ ಊರಿಕೊಳ್ಳಲಿಲ್ಲ. ಬೆರಳ ಸಂದಿ ಗಟ್ಟಿಯಾಗಿ ಹಿಸುಕಿದರೂ ತಿರುಗಿ ನೋಡಲಿಲ್ಲ. ಅಂಗಡಿಯ ಅಟ್ಟದ ಮೇಲಿಂದ ಬಿದ್ದು ಬೆನ್ನೆಲುಬಿಗೆ ಪೆಟ್ಟಾಗಿತ್ತು. ಎಲ್ಲಾದರೂ ಬಿದ್ದಿತ್ತಾ ಅಂತ ನಾನು ಕೇಳೇ ಇರಲಿಲ್ಲ. ಎರಡು ದಿನಕ್ಕೆ ಅದು ತೀರಿಕೊಂಡಿತು.

ಇವರು ಬೈಯಲಿಲ್ಲ. ಊಟಕ್ಕೆ ಕೂತಾಗ ಒಂದೇ ಮಾತು ಹೇಳಿದರು. "ಊಟ ಬಡಿಸೋರಿಗೆ ಎಲ್ಲದಕ್ಕೂ ಊಟವೇ ಕಾರಣ ಅನ್ನಿಸುತ್ತೆ, ಶಾರದಾ."

ಅವತ್ತಿನಿಂದ ನಾನು ನಾಯಿ ಹಿಡಿದೆ, ನೀರು ಕಾಯಿಸಿದೆ, ಗಾಯ ತೊಳೆದೆ. ಕಾಯಿಲೆ ಏನು ಅಂತ ಯಾರ ಮುಂದೆಯೂ ಬಾಯಿ ತೆಗೆಯಲಿಲ್ಲ.

ಈಗ ಆಟೋದಲ್ಲಿ ಬಂದ ನಾಯಿಯ ವಿಷಯಕ್ಕೆ ಬರುತ್ತೇನೆ. ಅದು ಇವರ ಕೊನೆಯ ಕೇಸು.

ಆ ಹೆಂಗಸಿನ ಹೆಸರು ವನಜಾ. ನಲವತ್ತರ ಆಸುಪಾಸು, ಹಣೆಯಲ್ಲಿ ವಿಭೂತಿ, ಕಣ್ಣು ಅತ್ತು ಊದಿಕೊಂಡಿದ್ದವು. ನಾಯಿ ಜರ್ಮನ್ ಶೆಫರ್ಡ್, ಎಂಟು ತಿಂಗಳು, ಹೆಸರು ಭೈರ. ನಾನು, ಆಟೋದವರು, ಅವಳು ಮೂವರೂ ಸೇರಿ ಹಳೇ ಬೆಡ್‌ಶೀಟಿನಲ್ಲಿ ಅವನನ್ನು ಮುಂದಿನ ಕೋಣೆಗೆ ತಂದು ಗೋಣಿತಾಟಿನ ಮೇಲೆ ಮಲಗಿಸಿದೆವು. ಕಿವಿ ದೊಡ್ಡದು, ಮೈ ಸಣ್ಣದು. ಕಣ್ಣು ಮಾತ್ರ ನಮ್ಮನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡುತ್ತಿತ್ತು.

"ಸೊಂಟದ ಕೀಲು ಸಡಿಲ ಅಂದ್ರು ಸಾರ್, ಎಕ್ಸ್-ರೇ ತೆಗ್ದೋರು. ಬೆನ್ನುಹುರಿಗೂ ಹತ್ತಿರಬೋದು, ಬೆಳೀತಾ ಬೆಳೀತಾ ಕಷ್ಟ, ಹಿಂಸೆ ಪಡೋದಕ್ಕಿಂತ ಇಂಜೆಕ್ಷನ್ ಕೊಡ್ಸೋದು ಮೇಲು ಅಂದ್ರು. ನಮ್ಮೆಜಮಾನ್ರು ಹೆಬ್ಬಾಳದಲ್ಲಿ ಫ್ಯಾಕ್ಟರಿಗೆ ಹೋಗ್ತಾರೆ, ನಾಳೆ ಅವ್ರಿಗೆ ವಾರದ ರಜ. ನಾಳೆ ಕರ್ಕೊಂಡೋಗಿ ಮುಗಿಸ್ಬುಡೋಣ ಅಂದವ್ರೆ. ಇವತ್ತು ಹೇಳ್ದಲೇ ಬಂದ್ಬುಟ್ಟೆ."

"ಬಿದ್ದಿದ್ನಾ?" ಅಂತ ಇವರು ಕೇಳಿದರು.

"ಇಲ್ಲ ಸಾರ್. ಗ್ರಿಲ್ ದಾಟೋದೇ ಇಲ್ಲ ಅವ್ನು."

"ಉಚ್ಚೆ, ಕಕ್ಕ?"

"ಎಲ್ಲ ಸರಿಯಾಗಿದೆ."

"ಏನು ತಿನ್ನಿಸ್ತೀರಿ?"

"ಎಲ್ಲಾನೂ ಸಾರ್. ಪ್ಯಾಕೆಟ್ ಊಟ, ದಿನಕ್ಕೆ ಎರಡು ಮೊಟ್ಟೆ."

ಇವರು ಕುರ್ಚಿಯಿಂದ ಏಳಲು ಹೋದರು. ಬಲಗಾಲು ಬರಲಿಲ್ಲ. ಎಡಗೈ ಚಾಚಿದರು, ನಾಯಿಯವರೆಗೆ ಎಟುಕಲಿಲ್ಲ. ಮೂವತ್ತೆಂಟು ವರ್ಷ ಮುಟ್ಟಿ ನೋಡಿದ ಕೈ, ಆ ಕೋಣೆಯಲ್ಲೇ ಗಾಳಿಯಲ್ಲಿ ನಿಂತಿತು. ನಾನು ನೋಡಲಾರದೆ ಬಗ್ಗಿ ನಾಯಿಯ ಪಕ್ಕ ಕೂತೆ.

"ನೀನು ಮುಟ್ಟು. ಸಿಕ್ಕಿದ್ದನ್ನ ಹೇಳು. ನಿನಗೆ ಅನ್ನಿಸಿದ್ದು ಬೇಡ, ಕೈಗೆ ಸಿಕ್ಕಿದ್ದು ಮಾತ್ರ" ಅಂದರು.

ವನಜಾ ಹೊಟ್ಟೆಯ ಕೆಳಗೆ ಬೆಡ್‌ಶೀಟು ಕೊಟ್ಟು ಎತ್ತಿ ಹಿಡಿದಳು. ನಾನು ಬಲ ಹಿಂಗಾಲಿನ ಪಾದ ಮಡಿಸಿ ಇಟ್ಟೆ. ಒಂದು ಕ್ಷಣವೂ ಆಗಲಿಲ್ಲ, ಅವನು ಪಾದ ತಿರುಗಿಸಿ ಊರಿಕೊಂಡ.

"ತಿರುಗಿಸಿಕೊಂಡ ರೀ."

"ಎಡಗಾಲು?"

"ಅದನ್ನೂ ತಿರುಗಿಸಿಕೊಂಡ."

"ಬೆರಳಸಂದಿ ಹಿಸುಕು."

ಹಿಸುಕಿದೆ. ಕಾಲು ಎಳೆದುಕೊಂಡು ನನ್ನ ಮುಖ ನೋಡಿದ. ಬೆನ್ನ ಮೇಲೆ ಕುತ್ತಿಗೆಯಿಂದ ಬಾಲದವರೆಗೆ ಒಂದೊಂದೇ ಗಂಟು ಒತ್ತುತ್ತ ಬಂದೆ. ಸುಮ್ಮನಿದ್ದ. ಸೊಂಟದ ಕೀಲಿನ ಮೇಲೆ ಕೈ ಇಟ್ಟು ತೊಡೆಯನ್ನು ನಿಧಾನ ಹೊರಗೆ ಸರಿಸಿದಾಗ ಒಳಗೆ ಏನೋ ಸ್ವಲ್ಪ ಜಾರಿದ ಹಾಗಾಯಿತು. ಅದನ್ನೂ ಹೇಳಿದೆ.

"ಅದು ಸಡಿಲವೇ. ಅವರು ಸುಳ್ಳು ಹೇಳಿಲ್ಲ" ಅಂದರು. "ಈಗ ಮೊಣಕಾಲಿನ ಕೆಳಗೆ, ಮಾಂಸ ಇಲ್ಲದ ಕಡೆ, ಎಲುಬಿನ ಮೇಲೆ ಹೆಬ್ಬೆರಳಿಂದ ಒತ್ತು. ಮೆಲ್ಲಗೆ."

ಹಪ್ಪಳದ ಹಿಟ್ಟಿನ ಹದ ನೋಡುವಷ್ಟು ಮಾತ್ರ ಒತ್ತಿದೆ. ಭೈರ ಮಗುವಿನ ಹಾಗೆ ಕಿರುಚಿದ. ಮುಂಗಾಲಿನ ಎಲುಬಿಗೂ ಹಾಗೇ ಕಿರುಚಿದ. ಕಚ್ಚಲು ಬಾಯಿ ತಂದವನು ನನ್ನ ಕೈಯನ್ನು ಹಲ್ಲಿನ ನಡುವೆ ಹಿಡಿದು, ಕಚ್ಚದೆ ಬಿಟ್ಟ.

ಇವರು ಎಕ್ಸ್-ರೇ ತೋರಿಸು ಅಂದರು. ವನಜಾಳ ಮೊಬೈಲಿನಲ್ಲಿದ್ದ ಎಕ್ಸ್-ರೇ ಚಿತ್ರವನ್ನು ನಾನು ಬೆರಳಿಂದ ದೊಡ್ಡದು ಮಾಡಿ ತೋರಿಸಿದೆ. "ಇಷ್ಟು ಸಣ್ಣದು ನನ್ನ ಕಣ್ಣಿಗೆ ಹತ್ತಲ್ಲ. ಎಲುಬಿನ ಬಿಳುಪು ಮಾಂಸಕ್ಕಿಂತ ಎಷ್ಟು ಹೆಚ್ಚಿದೆ, ನೋಡಿ ಹೇಳು" ಅಂದರು. "ಅಷ್ಟೇನಿಲ್ಲ, ಮಂಕಾಗಿದೆ" ಅಂದೆ. "ಕೀಲು ಸಡಿಲ ಇರೋ ಮರಿ ಓಲಾಡಿಕೊಂಡಾದರೂ ನಡೆಯುತ್ತೆ. ಎಲುಬು ಮುಟ್ಟಿದರೆ ಕಿರುಚಲ್ಲ. ನರ ಸರಿ ಇದೆ. ಎಲುಬಿನಲ್ಲಿ ಸುಣ್ಣ ಇಲ್ಲ. ಆದ್ರೆ ಈಯಮ್ಮ ಪ್ಯಾಕೆಟ್ ಊಟ, ಮೊಟ್ಟೆ ಅಂತಾರೆ. ಲೆಕ್ಕ ಕೂಡ್ತಾ ಇಲ್ಲವಲ್ಲ" ಅಂತ ತಮಗೆ ತಾವೇ ಹೇಳಿಕೊಂಡರು. ಬೇರೆ ಕಾಯಿಲೆಗಳ ಹೆಸರು ಹೇಳಿ ರಕ್ತ ಪರೀಕ್ಷೆಗೆ ಬರೆಯುವ ಯೋಚನೆಗೆ ಬಿದ್ದರು. ಆ ಪರೀಕ್ಷೆಗಳ ಉತ್ತರ ನಾಳೆ ಬೆಳಿಗ್ಗೆಯೊಳಗೆ ಬರುವಂಥದ್ದಲ್ಲ.

ಊಟದ್ದೇ ಇರಬೇಕು ಅನ್ನುವ ಮಾತು ನನ್ನ ಬಾಯಿಗೆ ಬಂದಿತ್ತು. ಮುನೀರ್ ಸಾಹೇಬರ ಮರಿ ನೆನಪಾಗಿ ನುಂಗಿಕೊಂಡೆ.

ಅಷ್ಟರಲ್ಲಿ ನೈವೇದ್ಯದ ಹೊತ್ತಾಗಿತ್ತು. ಕೈಕಾಲು ತೊಳೆದು ಸೀರೆ ಬದಲಿಸಿ ನಡುಮನೆಯ ದೇವರ ಮುಂದೆ ಅನ್ನ, ತೊವ್ವೆ ಇಟ್ಟು ಗಂಟೆ ಆಡಿಸಿದೆ. ಹಿಂದೆ ಏನೋ ಉಜ್ಜಿದ ಸದ್ದಾಯಿತು. ತಿರುಗಿದರೆ ಭೈರ. ಮುಂಗಾಲು ಊರಿ, ಹಿಂದಿನ ಮೈಯನ್ನು ಕೆಂಪು ಸಿಮೆಂಟಿನ ನೆಲದ ಮೇಲೆ ಎಳೆದುಕೊಂಡು, ಹೊಸ್ತಿಲು ದಾಟಿ ಬರುತ್ತಿದ್ದ. ಆಗಲೇ ನಾನು ಬಿಸ್ಕತ್ತು ಕೊಟ್ಟರೂ ತಲೆ ಎತ್ತದವನು. ಬಾಯಿಂದ ಜೊಲ್ಲು ಸುರಿಯುತ್ತಿತ್ತು. ಬಂದವನು ದೇವರ ಮಣೆಯ ಮುಂದೆ, ಅಳತೆ ಮಾಡಿದಂತೆ ಎರಡು ಮೊಳ ದೂರದಲ್ಲಿ ಕೂತು ಕಾದ. ಯಾರೋ ದಿನವೂ ಅಷ್ಟೇ ದೂರದಲ್ಲಿ ನಿಲ್ಲಿಸಿದ್ದಾರೆ ಅಂತ ನನಗೆ ಗೊತ್ತಾಗಿಹೋಯಿತು.

ವನಜಾ ಬಾಗಿಲಲ್ಲಿ ನಿಂತು ಸೆರಗು ಬಾಯಿಗೆ ಒತ್ತಿಕೊಂಡಳು.

ನಾನು ಎದುರು ಮನೆಗೆ ಹೋಗಿ ಬೇಯಿಸಿದ ಮೊಟ್ಟೆಯೊಂದನ್ನು ಕೇಳಿ ತಂದೆ. ಭೈರನನ್ನು ಮತ್ತೆ ಮುಂದಿನ ಕೋಣೆಗೆ ತಂದು, ಮೊಟ್ಟೆಯನ್ನು ಇಡಿಯಾಗಿ ಅವನ ಮುಂದಿಟ್ಟೆ. ಮೂಸಿದ. ಮೂಗಿನಿಂದ ತಳ್ಳಿದ. ಅದು ಉರುಳಿದಾಗ ಕಿವಿ ನಿಮಿರಿಸಿ ಹಿಂದೆ ಸರಿದ. ತಿನ್ನುವ ವಸ್ತು ಅಂತ ಅವನಿಗೆ ಗೊತ್ತೇ ಇರಲಿಲ್ಲ.

"ದಿನಕ್ಕೆ ಎರಡಾ?" ಅಂದರು ಇವರು, ಕುರ್ಚಿಯಿಂದಲೇ.

ವನಜಾ ನೆಲಕ್ಕೆ ಕೂತುಬಿಟ್ಟಳು. ಎಲ್ಲ ಹೊರಗೆ ಬಂತು. ದತ್ತಾತ್ರೇಯನಿಗೆ ನಡೆದುಕೊಳ್ಳುವ ಮನೆ ಅವರದು. ಪಟದಲ್ಲಿ ದೇವರ ಕಾಲ ಬಳಿ ನಾಯಿಗಳಿವೆಯಲ್ಲ, ಮನೆಗೆ ಬಂದ ಮರಿಯೂ ಅವನದೇ ಎಂದು, ನೈವೇದ್ಯವಾದ ಅನ್ನ, ತುಪ್ಪ, ಬೆಲ್ಲದನ್ನ ಬಿಟ್ಟು ಬೇರೆ ತುತ್ತು ಹಾಕುವುದಿಲ್ಲ ಅಂತ ಹರಕೆ ಹೊತ್ತಿದ್ದಳು. ಬೀದಿಯ ಎಂಜಲು ತಾಗದಿರಲಿ ಎಂದು ಗ್ರಿಲ್ ಒಳಗೇ ಇಟ್ಟಿದ್ದಳು. "ನಿಜ ಹೇಳಿದ್ರೆ ಡಾಕ್ಟ್ರುಗಳು ಬೈತಾರೆ ಅಂತ ಎಲ್ಲರ್ಗೂ ಮೊಟ್ಟೆ ಅಂತ್ಲೇ ಹೇಳ್ತಾ ಬಂದೆ. ನಾನೇ ಅವ್ನ ಕಾಲು ಮುರ್ದೆನಾ ಅಮ್ಮ?"

ಇವರು ಬೈಯುತ್ತಾರೆ ಅಂದುಕೊಂಡೆ. ಇವರಿಗೆ ನಗು ಬಂದಿತ್ತು, ಒಂದೇ ಪಕ್ಕದ ನಗು.

"ದತ್ತಾತ್ರೇಯನ ಪಕ್ಕದ ನಾಯಿಗಳು ಊರೆಲ್ಲ ಅಲೆದು ಸಿಕ್ಕಿದ್ದೆಲ್ಲ ತಿಂದು ಬರ್ತಿದ್ವಮ್ಮ. ನಿಮ್ಮದಕ್ಕೆ ಗ್ರಿಲ್ ಹಾಕಿದೀರಲ್ಲ. ಅದಿರಲಿ, ಇಂಜೆಕ್ಷನ್ ಅಂದ ಡಾಕ್ಟ್ರನ್ನ ಬೈಕೋಬೇಡಿ. ನೀವು ಮೊಟ್ಟೆ ಅಂದ್ರಿ, ಅವರು ನಂಬಿದ್ರು. ನಾನೂ ನಂಬಿ ದಾರಿ ತಪ್ಪುತ್ತಿದ್ದೆ."

"ಸರಿಹೋಗ್ತಾನಾ ಸಾರ್?"

"ಆರು ವಾರ ಕೊಡಿ. ಸಣ್ಣ ಜಾಗದಲ್ಲಿ ಕಟ್ಟಿಡಿ, ಓಡಬಾರದು, ನೆಗೆಯಬಾರದು, ಈಗ ಎಲುಬು ಒಣಗಿದ ಕಡ್ಡಿಯ ಹಾಗಿದೆ. ನುಣ್ಣನೆ ನೆಲಕ್ಕೆ ಗೋಣಿ ಹಾಸಿ. ದೊಡ್ಡ ಜಾತಿ ಮರಿಗೆ ಅಂತಲೇ ಬರೋ ಊಟ, ಹೇಳಿದಷ್ಟೇ. ಔಷಧದಂಗಡಿಯಿಂದ ಕ್ಯಾಲ್ಸಿಯಂ ಬಾಟ್ಲಿ ತಂದು ಸುರಿಯೋಕೆ ಹೋಗಬೇಡಿ, ಹೆಚ್ಚಾದರೂ ಕೆಡುತ್ತೆ. ಸೊಂಟದ ಸಡಿಲ ಇರುತ್ತೆ, ಅದನ್ನ ಬೆಳೆದ ಮೇಲೆ ನೋಡೋಣ. ನಾಳೆ ಇಂಜೆಕ್ಷನ್ ಬೇಡ ಅಂತ ನಿಮ್ಮ ಯಜಮಾನರಿಗೆ ನಾನೇ ಫೋನ್ ಮಾಡ್ತೀನಿ."

"ಹರಕೆ ಸಾರ್?"

ಅದಕ್ಕೆ ಇವರು ನನ್ನ ಕಡೆ ನೋಡಿದರು. "ಅದು ನಿನ್ನ ಡಿಪಾರ್ಟ್‌ಮೆಂಟು."

ನಾನು ಅವಳನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ ಕಾಫಿ ಕೊಟ್ಟೆ. "ನಾನೂ ಪೂಜೆ ಮಾಡೋಳೇ ಕಣಮ್ಮ. ಈ ಹಿತ್ತಲಲ್ಲಿ ಬೇರೆ ಒಲೆ, ಬೇರೆ ಪಾತ್ರೆ ಇಟ್ಕೊಂಡು ಎಷ್ಟೋ ವರ್ಷ ನಾಯಿಗಳಿಗೆ ಮೊಟ್ಟೆ ಬೇಯಿಸಿದೀನಿ. ನಿನ್ನ ನೈವೇದ್ಯದಲ್ಲಿ ಒಂದು ತುತ್ತು ಮೊದಲು ಹಾಕು, ಆಮೇಲೆ ಅವನ ಊಟ ಹಾಕು. ಹರಕೆ ಕೇಳಿಸ್ಕೊಂಡೋನಿಗೆ ನಾಯಿ ಕಿರುಚೋದೂ ಕೇಳಿಸಿರುತ್ತೆ" ಅಂದೆ. ಅವಳು ಕಣ್ಣೊರೆಸಿಕೊಂಡು ಕಾಫಿ ಕುಡಿದಳು. ಅಲ್ಲಿ ಕೋಣೆಯಲ್ಲಿ ಇವರು, ನಾನು ಕೈಗೆ ಕೊಟ್ಟುಬಂದಿದ್ದ ಮೊಟ್ಟೆಯನ್ನು ಎಡಗೈಯಿಂದ ಪುಡಿಮಾಡಿ ನೆಲಕ್ಕೆ ಉದುರಿಸಿದ್ದರು. ಭೈರ ಅದನ್ನು ತಿಂದು ನೆಲ ನೆಕ್ಕುತ್ತಿದ್ದ.

ಕೆಲಸಕ್ಕೆ ಸೇರುವ ಹೆಣ್ಣುಮಕ್ಕಳೇ, ಇದನ್ನು ನೆನಪಿಡಿ. ಜನ ಡಾಕ್ಟರ ಮೇಜಿನ ಮುಂದೆ ನಿಜ ಹೇಳುವುದಿಲ್ಲ. ಅದು ಕೆಟ್ಟತನದಿಂದಲ್ಲ, ನಾಚಿಕೆಯಿಂದ. ನಾಯಿ ಏನು ತಿನ್ನುತ್ತದೆ, ಎಂಥಾ ನೆಲದ ಮೇಲೆ ಮಲಗುತ್ತದೆ ಎಂದು ತಿಳಿಯಬೇಕಾದರೆ ಅವರಿಗೆ ಕೂರಲು ಬೇರೆ ಜಾಗ ಕೊಡಿ. ಆದರೆ ತಿಳಿದ ಮೇಲೂ ಕಾಲು ಮುಟ್ಟಿ ನೋಡದೆ ಮಾತಾಡಬೇಡಿ.

ಮೂರನೇ ವಾರ ವನಜಾ ಫೋನ್ ಮಾಡಿ ಭೈರ ತಾನೇ ಎದ್ದು ನಿಂತ ಅಂದಳು. ನಾನು ಫೋನನ್ನು ಇವರ ಕಿವಿಗೆ ಹಿಡಿದೆ. "ನಿಂತರೆ ಸಾಲದು. ಆರನೇ ವಾರ ನಮ್ಮನೆ ಮೆಟ್ಟಿಲು ಹತ್ತಿಸಿ, ನಾನು ನೋಡ್ಬೇಕು" ಅಂದರು. ಅವತ್ತು ಎರಡನೇ ಸಲ ಸಾರು ಹಾಕಿಸಿಕೊಂಡರು. ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ನನ್ನಿಂದ ಗುರುತು ಹಾಕಿಸಿದರು.

ನಾಲ್ಕನೇ ವಾರದಲ್ಲಿ ಇವರು ಹೊರಟುಹೋದರು. ಬೆಳಿಗ್ಗೆ ಕಾಫಿ ಕುಡಿದು, ಪೇಪರು ಮಡಿಸಿಟ್ಟು, ಕುರ್ಚಿಯಲ್ಲೇ. ಆಸ್ಪತ್ರೆಯ ಕೊಳವೆಗಳಿರಲಿಲ್ಲ, ನರಳಲಿಲ್ಲ, ನಾನು ಮನೆಯಲ್ಲೇ ಇದ್ದೆ. ಇಷ್ಟನ್ನು ಎಣಿಸಿಕೊಂಡು ದೇವರಿಗೆ ಕೈ ಮುಗಿದೆ. ಹದಿಮೂರನೇ ದಿನ ಕಳೆದ ಮೇಲೆ ನೆಂಟರೆಲ್ಲ ಅವರವರ ಊರಿಗೆ ಹೋದರು. ವನಜಾಳಿಗೆ ತಿಳಿಸಬೇಕು ಅಂತ ನನಗೆ ಹೊಳೆಯಲೇ ಇಲ್ಲ.

ಗುರುತು ಹಾಕಿದ ದಿನ ಅವಳು ಬಂದಳು. ನಾನು ಇವರ ಹಾಸಿಗೆಯನ್ನು ತಾರಸಿಯ ಬಿಸಿಲಿಗೆ ಹಾಕಿ ಕೆಳಗೆ ಬಂದಿದ್ದೆ. ಗೇಟು ತೆಗೆದರೆ ಹಗ್ಗದ ತುದಿಯಲ್ಲಿ ಭೈರ. ಮೂರು ಮೆಟ್ಟಿಲು, ಒಂದು, ಎರಡು, ನಿಂತು ಯೋಚನೆ ಮಾಡಿ ಮೂರು. ಹತ್ತಿ ಬಂದು ನೇರವಾಗಿ ಮುಂದಿನ ಕೋಣೆಗೆ ಹೋದ.

ವನಜಾ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಳು. ನಾನು ಅಭ್ಯಾಸದಂತೆ ನಾಯಿಯ ಪಕ್ಕ ಕೂತೆ. ಬಲ ಪಾದ ಮಡಿಸಿದೆ. "ತಿರುಗಿಸಿಕೊಂಡ ರೀ" ಅಂದೆ. ಎಡಗಾಲು. "ಇದನ್ನೂ ತಿರುಗಿಸಿಕೊಂಡ." ಮೊಣಕಾಲಿನ ಕೆಳಗೆ ಎಲುಬು ಒತ್ತಿದೆ, ಮುಂಗಾಲು ಒತ್ತಿದೆ. "ಕಿರುಚಲಿಲ್ಲ." ತೊಡೆಯನ್ನು ಹೊರಗೆ ಸರಿಸಿದೆ. "ಸೊಂಟ ಸ್ವಲ್ಪ ಸಡಿಲವೇ ಇದೆ."

ಮುಂದಿನ ಪ್ರಶ್ನೆಗೆ ಕಾದೆ. ಕೋಣೆಯಲ್ಲಿ ನಾಯಿ ಉಸಿರಾಡುವ ಸದ್ದು ಬಿಟ್ಟು ಬೇರೇನೂ ಇರಲಿಲ್ಲ.

ವನಜಾ ಒಳಗೆ ಬಂದು, "ಏನಂದ್ರು ಅಮ್ಮ ಡಾಕ್ಟ್ರು?" ಅಂತ ಕೇಳಿದಳು.

"ಡಾಕ್ಟ್ರಿಲ್ಲ ಕಣಮ್ಮ, ಹೋಗಿಬಿಟ್ರು. ಹದಿನಾರು ದಿನ ಆಯ್ತು" ಅಂದೆ. ಆಮೇಲೆ, ಅವಳು ಅಳಲು ಶುರುಮಾಡುವ ಮೊದಲೇ, ಹೇಳಬೇಕಾದ್ದನ್ನು ಹೇಳಿದೆ. "ನಾನು ಹೇಳ್ತೀನಿ ಕೇಳು. ಎಲುಬು ಗಟ್ಟಿಯಾಗಿದೆ, ನರ ಸರಿ ಇದೆ. ಸೊಂಟದ್ದು ವರ್ಷ ತುಂಬಿದ ಮೇಲೆ ಒಂದ್ಸಲ ಎಕ್ಸ್-ರೇ ತೆಗ್ಸು, ದಪ್ಪ ಆಗೋಕೆ ಬಿಡಬೇಡ. ಇನ್ಮೇಲೆ ಬೀದೀಲಿ ನಡೆಸ್ಕೊಂಡೋಗಬಹುದು. ಎಕ್ಸ್-ರೇ ತೆಗ್ದ ಡಾಕ್ಟ್ರ ಹತ್ರಾನೇ ಹೋಗು, ಈ ಸಲ ನಿಜ ಹೇಳು."

ಅವಳು ನನ್ನ ಕೈ ಹಿಡಿದುಕೊಂಡಳು. ಭೈರ ಖಾಲಿ ಕುರ್ಚಿಯ ಕಾಲನ್ನು ಮೂಸಿ, ಅಲ್ಲೇ ಮಲಗಿದ. ಹೊರಡುವಾಗ ಮೆಟ್ಟಿಲು ಇಳಿಯಲು ಅವನಿಗೆ ಸ್ವಲ್ಪ ಹೆದರಿಕೆಯಾಯಿತು. ನಾನು ಹೊಟ್ಟೆಯ ಕೆಳಗೆ ಕೈ ಕೊಟ್ಟೆ, ಭಾರ ಬೀಳಲಿಲ್ಲ. ಅವರು ಬೀದಿಯ ತಿರುವು ದಾಟುವವರೆಗೆ ನಿಂತಿದ್ದು ಗೇಟು ಹಾಕಿದೆ.

ಬಿಸಿಲು ಆಗಲೇ ಪಕ್ಕದ ಮನೆಯ ಟ್ಯಾಂಕಿನ ಹಿಂದೆ ಸರಿಯುತ್ತಿತ್ತು. ತಾರಸಿಗೆ ಹೋಗಿ ಹಾಸಿಗೆಯನ್ನು ಇನ್ನೊಂದು ಮಗ್ಗುಲಿಗೆ ಮಗುಚಿ ಹಾಕಿದೆ.